ಓಡಿಹೋದ ಆರೋಪ, ಓಡಾಡಿಸಿದ ಹದಿನಾರು ತಿಂಗಳು: ದಾವಣಗೆರೆಯ ಒಬ್ಬ ವಕೀಲರ ಸೇವೆಯ ಬಗ್ಗೆ

ಈ ಬರಹದಲ್ಲಿ ವಕೀಲರ ಹೆಸರಾಗಲಿ, ಕಚೇರಿಯ ವಿಳಾಸವಾಗಲಿ ಇಲ್ಲ. ವಕೀಲರು ತಮ್ಮ ವೃತ್ತಿಯ ಜಾಹೀರಾತು ಮಾಡಿಕೊಳ್ಳುವುದನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ನಿಷೇಧಿಸಿವೆ. ಹೀಗೆ ಬರೆಯುತ್ತೇನೆಂದು ತಿಳಿಸಿದಾಗ ಅವರು ಹೇಳಿದ್ದು ಒಂದೇ ಮಾತು: "ಬರೀರಿ ಮೇಷ್ಟ್ರೇ, ಆದರೆ ಹೆಸರು ಹಾಕಬ್ಯಾಡ್ರಿ." ಆದ್ದರಿಂದ ಒಬ್ಬ ವಕೀಲರನ್ನು ಹೊಗಳುವ ಉದ್ದೇಶ ನನ್ನದಲ್ಲ. ಅಪಘಾತ ಮಾಡಿ ಪರಾರಿಯಾದ ಆರೋಪ ಬಂದಾಗ ಎಂಥ ಸೇವೆಗೆ ಹಣ ಕೊಡಬೇಕು, ಎಂಥದಕ್ಕೆ ಕೊಡಬಾರದು ಎಂಬುದನ್ನು ನಾನು ಕಂಡ ಮೂವರು ಸಲಹೆಗಾರರ ಅನುಭವದಿಂದ ಹೇಳುತ್ತಿದ್ದೇನೆ. ಕೊನೆಗೆ ವಕಾಲತ್ತು ಕೊಟ್ಟದ್ದು ಮೂರನೆಯವರಿಗೆ.

ನಡೆದದ್ದನ್ನು ಮೊದಲು ಹೇಳಬೇಕು. 2024ರ ನವೆಂಬರಿನ ಒಂದು ಸಂಜೆ ಚಿತ್ರದುರ್ಗದಲ್ಲಿ ಸಂಬಂಧಿಕರ ಗೃಹಪ್ರವೇಶ ಮುಗಿಸಿಕೊಂಡು ನಾನೊಬ್ಬನೇ ಕಾರಿನಲ್ಲಿ ದಾವಣಗೆರೆಗೆ ಮರಳುತ್ತಿದ್ದೆ. ಪೆಟ್ರೋಲ್ ಹಾಕಿಸಬೇಕಿದ್ದುದರಿಂದ ಆನಗೋಡು ದಾಟಿದ ಮೇಲೆ ರಾಷ್ಟ್ರೀಯ ಹೆದ್ದಾರಿ 48ರಿಂದ ಸರ್ವಿಸ್ ರಸ್ತೆಗೆ ಇಳಿದೆ. ಆ ತಿಂಗಳಲ್ಲಿ ನಮ್ಮ ಕಡೆಯ ಸರ್ವಿಸ್ ರಸ್ತೆಗಳು ಹೇಗಿರುತ್ತವೆ ಎಂಬುದು ಇಲ್ಲಿಯವರಿಗೆ ಗೊತ್ತು. ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರಡಿರುತ್ತಾರೆ, ವಾಹನಗಳು ಕಾಳು ತುಳಿಯದಿರಲೆಂದು ಅಂಚಿನುದ್ದಕ್ಕೂ ಕಲ್ಲು ಜೋಡಿಸಿರುತ್ತಾರೆ. ಮುಂದೆ ಹೋಗುತ್ತಿದ್ದ ಬೈಕನ್ನು ನಾನು ಬಲಗಡೆಯಿಂದ ದಾಟುತ್ತಿದ್ದಾಗ ಸವಾರ ಕಲ್ಲು ತಪ್ಪಿಸಲು ಬಲಕ್ಕೆ ಸರಿದ. ನನ್ನ ಕಾರಿನ ಎಡಬದಿಯ ಹಿಂಬಾಗಿಲಿಗೆ ಅವನ ಹ್ಯಾಂಡಲ್ ತಗುಲಿ ಬೈಕು ಬಿತ್ತು. ಅಷ್ಟು ಕಿರಿದಾದ ಜಾಗದಲ್ಲಿ ದಾಟಲು ಹೋದದ್ದು ಜಾಣತನವಾಗಿರಲಿಲ್ಲ. ಅದನ್ನು ಆಗಲೂ ಒಪ್ಪಿದ್ದೇನೆ, ಈಗಲೂ ಒಪ್ಪುತ್ತೇನೆ.

ಕಾರು ನಿಲ್ಲಿಸಿ ಇಳಿದೆ. ಹುಡುಗ ಎದ್ದು ಕೂತಿದ್ದ, ಕಾಲು ಹಿಡಿದುಕೊಂಡು ನರಳುತ್ತಿದ್ದ. ಜೋಳ ಗುಡ್ಡೆ ಮಾಡುತ್ತಿದ್ದ ಐದಾರು ಜನ ಓಡಿ ಬಂದರು. ಒಬ್ಬ ಬಾನೆಟ್ಟಿಗೆ ಗುದ್ದಿದ, ಇನ್ನೊಬ್ಬ ಅಂಚಿನ ಕಲ್ಲನ್ನೇ ಕೈಗೆತ್ತಿಕೊಂಡ. ಅವರಲ್ಲೇ ಹಿರಿಯರೊಬ್ಬರು, "ಸ್ವಾಮೀ, ಮೊದ್ಲು ಇಲ್ಲಿಂದ ಹೋಗ್ರಿ, ಆಮ್ಯಾಲ ಮಾತಾಡಿದ್ರಾತು" ಎಂದು ನನ್ನನ್ನು ಕಾರಿನೊಳಗೆ ತಳ್ಳಿದಂತೆಯೇ ಕೂರಿಸಿದರು. ಒಂದೂವರೆ ಕಿಲೋಮೀಟರ್ ಮುಂದಿದ್ದ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ 108ಕ್ಕೆ ಫೋನ್ ಮಾಡಿದೆ, ಬಳಿಕ 112ಕ್ಕೂ ಮಾಡಿದೆ. ಆಂಬುಲೆನ್ಸ್ ಹೋಗುವುದನ್ನು ಕಣ್ಣಾರೆ ನೋಡಿ, ಮುಕ್ಕಾಲು ಗಂಟೆ ಅಲ್ಲೇ ನಿಂತಿದ್ದು ಮನೆಗೆ ಹೋದೆ. ಠಾಣೆಗೆ ಹೋಗಬೇಕಿತ್ತು, ಹೋಗಲಿಲ್ಲ. ಆ ಒಂದು ತಪ್ಪಿನ ಮೇಲೆಯೇ ಮುಂದಿನ ಹದಿನಾರು ತಿಂಗಳು ನಿಂತಿದ್ದವು. ರಾತ್ರಿ ಹತ್ತರ ಹೊತ್ತಿಗೆ ಗಾಯಾಳುವಿನ ಅಣ್ಣ ದೂರು ಕೊಟ್ಟಾಗಿತ್ತು: ಕಾರಿನ ಚಾಲಕನು ಅತಿವೇಗ ಮತ್ತು ನಿರ್ಲಕ್ಷ್ಯತನದಿಂದ ಹಿಂದಿನಿಂದ ಡಿಕ್ಕಿಪಡಿಸಿ, ವಾಹನ ನಿಲ್ಲಿಸದೆ ಪರಾರಿಯಾಗಿರುತ್ತಾನೆ.

ಮೊದಲ ಸಲಹೆ ಆ ರಾತ್ರಿಯೇ ಸಿಕ್ಕಿತು. ಪರಿಚಿತರೊಬ್ಬರ ಮೂಲಕ ಫೋನಿನಲ್ಲಿ ಸಿಕ್ಕ ವಕೀಲರು ನನ್ನ ಮಾತನ್ನು ಪೂರ್ತಿ ಕೇಳುವ ಮೊದಲೇ ಕಾರಿನ ನಂಬರ್ ಯಾರಾದರೂ ಬರೆದುಕೊಂಡರೇ ಎಂದು ವಿಚಾರಿಸಿದರು. ಗೊತ್ತಿಲ್ಲ ಎಂದೆ. ಹಾಗಾದರೆ ಕಾರನ್ನು ಬೆಳಗಾಗುವುದರೊಳಗೆ ಊರ ಕಡೆ ಯಾರದಾದರೂ ಮನೆಯಲ್ಲಿ ಬಿಡಿ, ಬಾಗಿಲು ಬದಲಾಯಿಸಿಬಿಡಿ, ನಂಬರ್ ಸಿಕ್ಕೇಬಿಟ್ಟರೆ ಓಡಿಸುತ್ತಿದ್ದವನು ಡ್ರೈವರ್ ಎಂದು ತೋರಿಸೋಣ, ಅಂಥವರು ನನ್ನ ಬಳಿ ಇದ್ದಾರೆ ಎಂದರು. ಅದಕ್ಕೊಂದು ದರವನ್ನೂ ಹೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನನಗೆ ಆ ಕ್ಷಣ ಅದು ಅಸಹ್ಯವೆನಿಸಲಿಲ್ಲ, ದಾರಿಯೆನಿಸಿತು. ಭಯ ಮನುಷ್ಯನನ್ನು ಎಲ್ಲಿಗೆ ಇಳಿಸುತ್ತದೆಂಬುದು ಅಂದು ಗೊತ್ತಾಯಿತು. ಬೇಡವೆಂದು ತಡೆದದ್ದು ನನ್ನ ಹೆಂಡತಿ.

ಎರಡನೆಯದು ಅಂತರ್ಜಾಲದ ಕಾನೂನು ಸಲಹಾ ಸೇವೆ. ಸ್ವಲ್ಪ ಹಣ ಕಟ್ಟಿದರೆ ಇಪ್ಪತ್ತು ನಿಮಿಷ ವಕೀಲರೊಬ್ಬರು ಮಾತಾಡುತ್ತಾರೆ. ಮಾತಾಡಿದವರು ಸೌಜನ್ಯದಿಂದಲೇ ಮಾತಾಡಿದರು. ಆದರೆ ಹೊಸ ಕಾನೂನಿನಲ್ಲಿ ಅಪಘಾತ ಮಾಡಿ ಓಡಿಹೋದರೆ ಹತ್ತು ವರ್ಷ ಶಿಕ್ಷೆ, ಜಾಮೀನು ಸಿಗುವುದಿಲ್ಲ ಎಂದು ಹೆದರಿಸಿ, ನಿರೀಕ್ಷಣಾ ಜಾಮೀನಿಗೆ ಪ್ರತ್ಯೇಕ ಶುಲ್ಕ ಸೂಚಿಸಿದರು. ಇದು ಎರಡು ರೀತಿಯಲ್ಲಿ ತಪ್ಪು. ಅವರು ಹೇಳುತ್ತಿದ್ದದ್ದು ಭಾರತೀಯ ನ್ಯಾಯ ಸಂಹಿತೆಯ 106(2)ನೇ ಕಲಮಿನ ವಿಷಯ. ಅದು ಅಪಘಾತದಲ್ಲಿ ಸಾವು ಸಂಭವಿಸಿ, ಚಾಲಕ ತಕ್ಷಣ ಪೊಲೀಸರಿಗಾಗಲಿ ಮ್ಯಾಜಿಸ್ಟ್ರೇಟರಿಗಾಗಲಿ ತಿಳಿಸದೆ ಓಡಿಹೋದಾಗಿನ ಮಾತು, ಗಾಯದ ಪ್ರಕರಣಕ್ಕೆ ಅನ್ವಯಿಸುವುದೇ ಇಲ್ಲ. ಅಲ್ಲದೆ 2024ರ ಜನವರಿಯಲ್ಲಿ ಲಾರಿ ಚಾಲಕರು ದೇಶದ ಹಲವೆಡೆ ಮುಷ್ಕರ ಹೂಡಿದ ಮೇಲೆ, ಫೆಬ್ರವರಿಯ ಅಧಿಸೂಚನೆಯಲ್ಲಿ ಕೇಂದ್ರ ಸರ್ಕಾರ ಆ ಉಪಕಲಂ ಒಂದನ್ನು ಬಿಟ್ಟು ಉಳಿದ ಸಂಹಿತೆಯನ್ನು ಜುಲೈ 1ರಿಂದ ಜಾರಿಗೆ ತಂದಿತ್ತು. ನನಗೆ ಇದು ಗೊತ್ತಾದದ್ದು ಮೂರನೆಯವರಿಂದ. ಅಂದು ರಾತ್ರಿ ಮಾತ್ರ ಹತ್ತು ವರ್ಷವನ್ನು ನನ್ನ ವಯಸ್ಸಿಗೆ ಕೂಡಿಸುತ್ತಾ ಕೂತಿದ್ದೆ.

ಮೂರನೆಯವರ ಕಚೇರಿ ಪಿ.ಬಿ. ರಸ್ತೆಗೆ ಹೊಂದಿಕೊಂಡ ಒಂದು ಓಣಿಯಲ್ಲಿದೆ. ಮಾಳಿಗೆ ಮೇಲೆ ಎರಡು ಕೋಣೆ, ಒಬ್ಬ ಗುಮಾಸ್ತ, ಇಬ್ಬರು ಕಿರಿಯ ವಕೀಲರು. ಮರುದಿನ ಬೆಳಿಗ್ಗೆ ಎಂಟಕ್ಕೇ ಹೋದೆ. ಅವರು ಮೊದಲು ಕೇಳಿದ್ದು ಅಪಘಾತ ಎಷ್ಟು ಗಂಟೆಗೆ ಆಯಿತು ಎಂಬುದನ್ನು. ಆರೂ ಹತ್ತು ಎಂದೆ. ಗಡಿಯಾರ ನೋಡಿ, "ಇನ್ನೂ ಹತ್ತು ತಾಸು ಟೈಮ್ ಐತಿ" ಎಂದರು. ನನಗೆ ಅರ್ಥವಾಗಲಿಲ್ಲ. ಮೋಟಾರು ವಾಹನ ಕಾಯ್ದೆ 1988ರ 134ನೇ ಕಲಮನ್ನು ತೆಗೆದು ಮುಂದಿಟ್ಟರು. ಅಪಘಾತವಾದಾಗ ಗಾಯಾಳುವಿಗೆ ವೈದ್ಯಕೀಯ ನೆರವು ಸಿಗುವಂತೆ ಚಾಲಕ ಸಾಧ್ಯವಿರುವ ಕ್ರಮ ಕೈಗೊಳ್ಳಬೇಕು, ಗುಂಪಿನ ಆಕ್ರೋಶದಿಂದ ಅಥವಾ ತನ್ನ ಕೈಮೀರಿದ ಬೇರೆ ಕಾರಣದಿಂದ ಅದು ಸಾಧ್ಯವಾಗದಿದ್ದಾಗ ಮಾತ್ರ ವಿನಾಯಿತಿ. ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಹತ್ತಿರದ ಠಾಣೆಗೆ ಸಾಧ್ಯವಾದಷ್ಟು ಬೇಗ, ಏನೇ ಆದರೂ 24 ಗಂಟೆಯೊಳಗೆ, ನಡೆದದ್ದನ್ನು ತಿಳಿಸಬೇಕು. ವಿಮಾ ಕಂಪನಿಗೂ ಲಿಖಿತವಾಗಿ ತಿಳಿಸಬೇಕು. ಇವನ್ನು ಪಾಲಿಸದಿದ್ದರೆ 187ನೇ ಕಲಮಿನಡಿ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ನಾನು ಈ ಸೇವೆಯ ಬಗ್ಗೆ ಬರೆಯಲು ಹೊರಟಿರುವುದೇ ಮುಂದಿನ ಮೂರು ಗಂಟೆಯ ಕೆಲಸಕ್ಕಾಗಿ. ನಡೆದದ್ದನ್ನು ನನ್ನ ಕೈಯಿಂದಲೇ ಕನ್ನಡದಲ್ಲಿ ಬರೆಸಿದರು. ಎರಡು ಪುಟ ಬರೆದಿದ್ದೆ, ಅರ್ಧ ಪುಟಕ್ಕೆ ಇಳಿಸಿದರು. "ದೇವರ ದಯೆಯಿಂದ", "ನನ್ನ ತಪ್ಪಿಲ್ಲದಿದ್ದರೂ" ಮುಂತಾದುವೆಲ್ಲ ಹೋದವು, ಸಮಯ, ಸ್ಥಳ, ಕಾರಿನ ನಂಬರ್, 108 ಮತ್ತು 112ಕ್ಕೆ ಕರೆ ಮಾಡಿದ ನಿಮಿಷ, ಬಂಕಿನಲ್ಲಿ ನಿಂತದ್ದು ಇಷ್ಟು ಉಳಿದವು. ಫೋನಿನ ಕರೆಪಟ್ಟಿಯ ಚಿತ್ರ ತೆಗೆಸಿದರು. ಕಿರಿಯ ವಕೀಲರಲ್ಲೊಬ್ಬರನ್ನು ಬಂಕಿಗೆ ಕಳುಹಿಸಿ, ಅಂದಿನ ಸಂಜೆಯ ಸಿಸಿಟಿವಿ ದೃಶ್ಯ ಅಳಿಸಿಹೋಗದಂತೆ ಕಾಪಾಡಬೇಕೆಂದು ಪತ್ರ ಕೊಟ್ಟು, ನಕಲಿನ ಮೇಲೆ ವ್ಯವಸ್ಥಾಪಕರ ಸಹಿ ಹಾಕಿಸಿ ತರಿಸಿದರು. ಸಿಸಿಟಿವಿಯಲ್ಲಿ ಹಳೆಯ ದೃಶ್ಯದ ಮೇಲೆ ಹೊಸದು ಕೂರುತ್ತಾ ಹೋಗುತ್ತದೆ, ಚಾರ್ಜ್‌ಶೀಟ್ ಬಂದ ಮೇಲೆ ಹುಡುಕಿದರೆ ಏನೂ ಸಿಗುವುದಿಲ್ಲ ಎಂಬುದು ಅವರ ವಿವರಣೆ. ವಿಮಾ ಕಂಪನಿಗೆ ಪಾಲಿಸಿ ಸಂಖ್ಯೆ ಸಮೇತ ಪತ್ರ ಹೋಯಿತು. ಹನ್ನೊಂದೂಕಾಲಿಗೆ ನನ್ನೊಂದಿಗೆ ಠಾಣೆಗೆ ಬಂದರು. ನನ್ನ ಹೇಳಿಕೆಯ ನಕಲಿನ ಮೇಲೆ ಸ್ವೀಕೃತಿಯ ಮೊಹರು, ದಿನಾಂಕ, ಗಂಟೆ ಮೂರೂ ಬೀಳುವವರೆಗೆ ಕುರ್ಚಿಯಿಂದ ಏಳಲಿಲ್ಲ. ಆ ಮೊಹರೇ ಮುಂದೆ ನನ್ನ ಪಾಲಿನ ಮುಖ್ಯ ದಾಖಲೆಯಾಯಿತು.

ಹೀಗೆ ಹೋಗಿ ನಾನೇ ಓಡಿಸುತ್ತಿದ್ದೆ ಎಂದು ಒಪ್ಪಿಕೊಂಡರೆ ಅದೇ ನನ್ನ ವಿರುದ್ಧ ಸಾಕ್ಷ್ಯವಾಗುವುದಿಲ್ಲವೇ ಎಂದು ದಾರಿಯಲ್ಲಿ ಕೇಳಿದ್ದೆ. ಅವರ ಉತ್ತರ ನನಗೆ ಸಮಾಧಾನ ತಂದಿತು. ಚಾಲಕ ಯಾರೆಂಬ ಮಾಹಿತಿ ಕೊಡುವುದು 133ನೇ ಕಲಮಿನ ಪ್ರಕಾರ ಮಾಲೀಕನಾದ ನನ್ನ ಕರ್ತವ್ಯ, ಅದನ್ನು ಮುಚ್ಚಿಡಲು ಹೋದರೆ ಮತ್ತೊಂದು ಅಪರಾಧ. ಆದರೆ ಓಡಿಸುತ್ತಿದ್ದೆ ಎನ್ನುವುದು ಬೇರೆ, ನಿರ್ಲಕ್ಷ್ಯದಿಂದ ಓಡಿಸುತ್ತಿದ್ದೆ ಎನ್ನುವುದು ಬೇರೆ. ಎರಡನೆಯದನ್ನು ರುಜುವಾತು ಮಾಡುವ ಹೊಣೆ ಸರ್ಕಾರದ್ದು, ತನ್ನ ವಿರುದ್ಧ ತಾನೇ ಸಾಕ್ಷ್ಯ ನುಡಿಯುವಂತೆ ಯಾವ ಆರೋಪಿಯನ್ನೂ ಬಲವಂತಪಡಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಈ ವ್ಯತ್ಯಾಸವನ್ನು ಇಷ್ಟು ಸರಳವಾಗಿ ಬಿಡಿಸಿ ಹೇಳುವವರು ಮೊದಲ ದಿನವೇ ಸಿಕ್ಕಿದರೆ ಡ್ರೈವರನ್ನು ಬದಲಿಸುವ ಯೋಚನೆಗೆ ಯಾರೂ ಬೀಳಲಾರರು. ಬದಲಿಸಿದ ಚಾಲಕನಿಗೆ ಲೈಸೆನ್ಸ್ ಇಲ್ಲವೆಂದೋ, ಹೇಳಿಕೆಗಳು ಒಂದಕ್ಕೊಂದು ತಾಳೆಯಾಗುವುದಿಲ್ಲವೆಂದೋ ಬಯಲಾದರೆ ವಿಮೆಯ ರಕ್ಷಣೆಯೂ ಅಪಾಯಕ್ಕೆ ಸಿಲುಕುತ್ತದೆ, ಗಾಯಾಳುವಿನ ಪರಿಹಾರವೂ ತಡವಾಗುತ್ತದೆ.

ನನ್ನ ಮೇಲೆ ದಾಖಲಾದದ್ದು ನ್ಯಾಯ ಸಂಹಿತೆಯ 281 (ಅಜಾಗರೂಕ ಚಾಲನೆ) ಮತ್ತು 125(ಬಿ) (ನಿರ್ಲಕ್ಷ್ಯದಿಂದ ಘೋರ ಗಾಯ) ಕಲಮುಗಳು, ಜೊತೆಗೆ ಮೋಟಾರು ವಾಹನ ಕಾಯ್ದೆಯ 134, 187. ಹಳೆಯ ದಂಡ ಸಂಹಿತೆಯ 279 ಮತ್ತು 338 ಎಂದರೆ ಹೆಚ್ಚಿನವರಿಗೆ ಗೊತ್ತಾಗುತ್ತದೆ. ಹೊಸ ಸಂಹಿತೆಯಲ್ಲಿ ಘೋರ ಗಾಯಕ್ಕೆ ಶಿಕ್ಷೆಯ ಮಿತಿ ಎರಡು ವರ್ಷದಿಂದ ಮೂರಕ್ಕೆ, ದಂಡದ ಮಿತಿ 10,000 ರೂಪಾಯಿಗೆ ಏರಿದೆ. ಎಲ್ಲವೂ ಜಾಮೀನು ಸಿಗುವ ಅಪರಾಧಗಳೇ ಆದ್ದರಿಂದ ಠಾಣೆಯಲ್ಲೇ ಬಿಡುಗಡೆಯಾಯಿತು. ಜಾಮೀನುದಾರರಾಗಿ ನನ್ನ ಭಾವಮೈದುನ ಪಹಣಿ ಹಿಡಿದು ಬಂದಿದ್ದರು. ಹತ್ತು ವರ್ಷ ಎಂದು ಹೆದರಿಸಿದ್ದ ಅಂತರ್ಜಾಲದ ಸಲಹೆ ಅಲ್ಲಿಗೆ ಮುಗಿಯಿತು.

ಕಾರು ಮಾತ್ರ ಠಾಣೆಯ ಆವರಣದಲ್ಲೇ ಉಳಿಯಿತು. ಮೋಟಾರು ವಾಹನ ನಿರೀಕ್ಷಕರು ಪರಿಶೀಲಿಸಿ ವರದಿ ಕೊಡಬೇಕು, ಜನರ ಬಾಯಲ್ಲಿ ಅದು ಐಎಂವಿ ರಿಪೋರ್ಟ್. ತಪಾಸಣೆ ಮುಗಿದ ಮೇಲೂ ದಿನಗಳು ಕಳೆದವು. ವಕೀಲರು ನ್ಯಾಯಾಲಯದಲ್ಲಿ ಬಿಡುಗಡೆಯ ಅರ್ಜಿ ಹಾಕಿ, ವಶಪಡಿಸಿಕೊಂಡ ವಾಹನಗಳನ್ನು ಠಾಣೆಗಳಲ್ಲಿ ದೀರ್ಘಕಾಲ ಕೊಳೆಯಲು ಬಿಡಬಾರದೆಂದು ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದ್ದನ್ನು ಉಲ್ಲೇಖಿಸಿದರು. ಮುಚ್ಚಳಿಕೆ ಬರೆದುಕೊಟ್ಟು ಕಾರು ತಂದೆವು. ತರುವ ಮೊದಲು ಹಿಂಬಾಗಿಲಿನ ಗೀರನ್ನು ಅಳತೆಪಟ್ಟಿ ಹಿಡಿದು ನಾಲ್ಕು ಕಡೆಯಿಂದ ಫೋಟೋ ತೆಗೆಸಿದರು, ಪ್ರಕರಣ ಮುಗಿಯುವವರೆಗೆ ರಿಪೇರಿ ಬೇಡವೆಂದರು. ಹದಿನಾರು ತಿಂಗಳು ಆ ಗೀರಿನೊಂದಿಗೇ ಊರೆಲ್ಲ ಓಡಾಡಿದೆ. ಮದುವೆ ಮನೆಗಳ ಮುಂದೆ ನಿಲ್ಲಿಸುವಾಗ ಎಡಬದಿಯನ್ನು ಗೋಡೆಗೆ ತಿರುಗಿಸುವುದು ರೂಢಿಯಾಗಿಬಿಟ್ಟಿತ್ತು.

ಚಾರ್ಜ್‌ಶೀಟ್ ಬಂದಾಗ ಸುಲಭದ ದಾರಿಯನ್ನು ಅನೇಕರು ತೋರಿಸಿದರು. ತಪ್ಪು ಒಪ್ಪಿಕೊಂಡು ದಂಡ ಕಟ್ಟಿಬಿಡಿ, ಒಂದೇ ದಿನದಲ್ಲಿ ಮುಗಿಯುತ್ತದೆ ಎಂಬುದು ನ್ಯಾಯಾಲಯದ ಆವರಣದಲ್ಲಿ ಎಲ್ಲರೂ ಕೊಡುವ ಪುಕ್ಕಟೆ ಸಲಹೆ. ನಮ್ಮ ವಕೀಲರು ಅದನ್ನು ತಳ್ಳಿಹಾಕಲಿಲ್ಲ, ಆದರೆ ಒಪ್ಪಿಕೊಂಡರೆ ಏನಾಗುತ್ತದೆಂದು ವಿವರಿಸಿದರು. ಹಾಗೆ ಕಟ್ಟುವ ದಂಡ ಚಿಕ್ಕದಿರಬಹುದು, ಆದರೆ ಅದು ಅಪರಾಧ ನಿರ್ಣಯ. ಪರಿಹಾರದ ದಾವೆಯಲ್ಲಿ ಆ ಒಪ್ಪಿಗೆಯನ್ನೇ ನನ್ನ ವಿರುದ್ಧ ತೋರಿಸುತ್ತಾರೆ, ಸರ್ಕಾರಿ ನೌಕರಿಯಲ್ಲಿರುವವರಿಗೂ ವಿದೇಶಕ್ಕೆ ಹೋಗುವವರಿಗೂ ಅದು ಕಡತದಲ್ಲಿ ಉಳಿಯುತ್ತದೆ. ಗಾಯಾಳುವಿನೊಂದಿಗೆ ರಾಜಿಯಾದರೂ 281ನೇ ಕಲಂ ರಾಜಿಗೆ ಒಳಪಡುವುದಲ್ಲ ಎಂಬುದನ್ನೂ ತಿಳಿಸಿದರು. ನಿರ್ಧಾರ ನಿಮ್ಮದು ಎಂದು ಎರಡು ದಿನ ಬಿಟ್ಟುಕೊಟ್ಟರು. ಕಕ್ಷಿದಾರನಿಗೆ ಯೋಚಿಸಲು ಸಮಯ ಕೊಡುವುದು ಸಣ್ಣ ವಿಷಯದಂತೆ ಕಾಣಬಹುದು. ಆದರೆ ನಾನು ಕಂಡ ಉಳಿದಿಬ್ಬರೂ ಆತುರವನ್ನೇ ಬಂಡವಾಳ ಮಾಡಿಕೊಂಡವರು.

ವಿಚಾರಣೆಯನ್ನು ನಾನು ನ್ಯಾಯಾಲಯದ ಹಿಂದಿನ ಬೆಂಚಿನಲ್ಲಿ ಕೂತು ನೋಡಿದೆ. ದೂರುದಾರರಾದ ಅಣ್ಣ ಅಪಘಾತದ ಹೊತ್ತಿಗೆ ಸ್ಥಳದಲ್ಲಿರಲಿಲ್ಲ, ಕೇಳಿದ್ದನ್ನು ಬರೆಸಿದ್ದೆ ಎಂದು ಪಾಟೀ ಸವಾಲಿನಲ್ಲಿ ಒಪ್ಪಿದರು. ಸ್ಥಳ ಪರಿಶೀಲನೆಯ ಮಹಜರಿಗೆ ಸಾಕ್ಷಿಗಳಾಗಿದ್ದ ಪಂಚರಲ್ಲೊಬ್ಬರು ತಾವು ಸಹಿ ಹಾಕಿದ್ದು ಠಾಣೆಯಲ್ಲಿ ಎಂದರು. ಸ್ಥಳದ ನಕ್ಷೆಯಲ್ಲಿ ಮೆಕ್ಕೆಜೋಳವೂ ಇರಲಿಲ್ಲ, ಕಲ್ಲುಗಳೂ ಇರಲಿಲ್ಲ. ಐಎಂವಿ ವರದಿಯಲ್ಲಿ ಕಾರಿನ ಮುಂಭಾಗಕ್ಕೆ ಯಾವ ಜಖಂ ಇಲ್ಲ, ಎಡ ಹಿಂಬಾಗಿಲಿನಲ್ಲಿ ಉದ್ದನೆಯ ಗೀರು ಮಾತ್ರ ಎಂದಿತ್ತು. ಹಿಂದಿನಿಂದ ಡಿಕ್ಕಿ ಹೊಡೆದ ಕಾರಿಗೆ ಮುಂದೆ ಏಟು ಬೀಳದೆ ಹಿಂಬಾಗಿಲಿಗೆ ಬೀಳುವುದು ಹೇಗೆ ಎಂದು ನಮ್ಮ ವಕೀಲರು ತನಿಖಾಧಿಕಾರಿಯನ್ನು ಕೇಳಿದಾಗ ಅವರು ಬಹಳ ಹೊತ್ತು ಕಡತ ತಿರುವಿದರು.

ಅತಿವೇಗ ಎಂಬ ಮಾತಿಗೂ ಒಂದು ಉತ್ತರವಿತ್ತು. ನಮ್ಮ ರಾಜ್ಯದ ಠಾಣೆಗಳಲ್ಲಿ ಬರೆಯುವ ಅಪಘಾತದ ದೂರುಗಳಲ್ಲಿ ಅತಿವೇಗ ಮತ್ತು ನಿರ್ಲಕ್ಷ್ಯತನ ಎಂಬ ಜೋಡಿಪದ ಲಗ್ನಪತ್ರಿಕೆಯ ಒಕ್ಕಣೆಯಷ್ಟೇ ಖಾಯಂ. ಕರ್ನಾಟಕ ಸರ್ಕಾರ ವಿರುದ್ಧ ಸತೀಶ್ ಎಂಬ 1998ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಈ ಮಾತನ್ನೇ ಎತ್ತಿಕೊಂಡಿತ್ತು. ವಾಹನ ಅತಿವೇಗದಲ್ಲಿತ್ತು ಎಂದಷ್ಟೇ ಹೇಳಿದರೆ ಸಾಲದು, ವೇಗ ಎಂಬುದು ಸಾಪೇಕ್ಷ, ಆ ಸನ್ನಿವೇಶದಲ್ಲಿ ಅತಿವೇಗ ಎಂದರೆ ಏನೆಂಬುದನ್ನು ಪ್ರಾಸಿಕ್ಯೂಷನ್ ಸಾಕ್ಷ್ಯದ ಮೂಲಕ ತೋರಿಸಬೇಕು, ಅಪಘಾತವಾಯಿತು ಎಂಬ ಕಾರಣಕ್ಕೇ ನಿರ್ಲಕ್ಷ್ಯವನ್ನು ಊಹಿಸಿಕೊಳ್ಳಲಾಗದು ಎಂಬುದು ಅದರ ಸಾರ. ನಮ್ಮ ನೆಲದ ಪ್ರಕರಣವೊಂದು ದೇಶದ ನ್ಯಾಯಾಲಯಗಳಲ್ಲೆಲ್ಲ ಉಲ್ಲೇಖವಾಗುತ್ತದೆ ಎಂದು ಹೇಳುವಾಗ ವಕೀಲರ ಮುಖದಲ್ಲಿ ಅಪರೂಪಕ್ಕೆ ನಗು ಕಂಡೆ.

ಪರಾರಿಯ ಆರೋಪಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. 6 ಗಂಟೆ 19 ನಿಮಿಷಕ್ಕೆ 108ಕ್ಕೆ, 6 ಗಂಟೆ 23ಕ್ಕೆ 112ಕ್ಕೆ ಹೋದ ಕರೆಗಳು, ಬಂಕಿನ ದೃಶ್ಯದಲ್ಲಿ ಫೋನ್ ಹಿಡಿದು ರಸ್ತೆಯ ಕಡೆ ನೋಡುತ್ತಾ ನಿಂತ ನಾನು, ಮರುದಿನದ ಮೊಹರು. ಬಂಕಿನ ದೃಶ್ಯವನ್ನು ನ್ಯಾಯಾಲಯ ಒಪ್ಪಬೇಕಾದರೆ ವಿದ್ಯುನ್ಮಾನ ದಾಖಲೆಗಳಿಗೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಕೇಳುವ ಪ್ರಮಾಣಪತ್ರ ಬೇಕು. ಮೊದಲ ವಾರದಲ್ಲೇ ಅದನ್ನು ತೆಗೆದಿಟ್ಟಿದ್ದರು. ಬಂಕಿನ ವ್ಯವಸ್ಥಾಪಕರು ಸಾಕ್ಷಿ ಹೇಳಲು ಬರಲು ಒಪ್ಪಿದ್ದು ನನ್ನ ಪುಣ್ಯ.

ನಿಜವಾಗಿ ಪ್ರಕರಣವನ್ನು ತಿರುಗಿಸಿದವನು ಗಾಯಗೊಂಡ ಹುಡುಗನೇ. ಮುಖ್ಯ ವಿಚಾರಣೆಯಲ್ಲಿ ದೂರಿನಲ್ಲಿದ್ದಂತೆಯೇ ಹೇಳಿದ. ಪಾಟೀ ಸವಾಲಿನಲ್ಲಿ ನಮ್ಮ ವಕೀಲರು ದನಿ ಏರಿಸದೆ, ಅಲ್ಲಿ ಜೋಳ ಒಣಗಿಸಿದ್ದರಲ್ಲ, ಕತ್ತಲಾಗುತ್ತಿತ್ತಲ್ಲ, ಕಲ್ಲು ಕಂಡಾಗ ನೀನು ಏನು ಮಾಡಿದೆಯಪ್ಪಾ ಎಂದು ಕೇಳಿದರು. ಅವನು ಸ್ವಲ್ಪ ತಡೆದು, ಬಲಕ್ಕೆ ತಗೊಂಡೆ ಸಾರ್ ಎಂದ. ಕಾರಿನವರು ಇಳಿದು ಬಂದಿದ್ದರೇ ಎಂದದ್ದಕ್ಕೆ, ಬಂದಿದ್ದರು, ನಮ್ಮೋರು ಬೈದು ಕಳಿಸಿದರು ಎಂದ. ಸುಳ್ಳು ಹೇಳಬಹುದಾಗಿದ್ದ ಕಡೆ ಅವನು ಹೇಳಲಿಲ್ಲ. ಮೊದಲ ರಾತ್ರಿ ನಾನು ಏನು ಮಾಡಲು ಹೊರಟಿದ್ದೆ ಎಂಬುದು ನೆನಪಾಗಿ ಅವನ ಮುಖ ನೋಡಲಾಗಲಿಲ್ಲ. ಕಳೆದ ತಿಂಗಳು ತೀರ್ಪು ಬಂತು. ನಿರ್ಲಕ್ಷ್ಯದ ಆರೋಪಗಳಲ್ಲಿ ಸಂಶಯದ ಲಾಭ ಕೊಟ್ಟು, 187ರ ಆರೋಪ ರುಜುವಾತಾಗಿಲ್ಲವೆಂದು ನನ್ನನ್ನು ಖುಲಾಸೆಗೊಳಿಸಲಾಯಿತು.

ಕುಂದುಗಳು ಇಲ್ಲದಿಲ್ಲ. ಈ ಕಚೇರಿಯಲ್ಲಿ ಕಾಯುವುದು ಅನಿವಾರ್ಯ. ಸಂಜೆ ಆರಕ್ಕೆ ಬನ್ನಿ ಎಂದರೆ ಒಳಗೆ ಕರೆಯುವುದು ಎಂಟಕ್ಕೆ. ಕೆಳಗಿನ ಅಂಗಡಿಯ ಮಂಡಕ್ಕಿ ಮಿರ್ಚಿಯವನಿಗೆ ನನ್ನ ಪ್ರಕರಣದ ವಾಯಿದೆಗಳು ನನಗಿಂತ ಚೆನ್ನಾಗಿ ತಿಳಿದಿದ್ದವು. ಫೋನ್ ಎತ್ತುವುದು ಅಪರೂಪ, ಎತ್ತಿದರೂ ನಾಲ್ಕು ಮಾತಿಗೆ ಮುಗಿಸುತ್ತಾರೆ. ವಾಯಿದೆ ಮುಂದೂಡಿಕೆಯಾದ ಸುದ್ದಿ ನನಗೆ ಗುಮಾಸ್ತರಿಂದ ಬರುವುದಕ್ಕಿಂತ ಮೊದಲು ಇ-ಕೋರ್ಟ್ಸ್ ಆ್ಯಪಿನಲ್ಲಿ ಕಾಣುತ್ತಿತ್ತು. ಎರಡು ಬಾರಿ ಕೆಲಸ ಬಿಟ್ಟು ಹೋಗಿ, ನ್ಯಾಯಾಧೀಶರು ರಜೆಯಲ್ಲಿದ್ದಾರೆಂದು ಅಲ್ಲಿಗೆ ಹೋದ ಮೇಲೆ ತಿಳಿಯಿತು. ಸಾಕ್ಷಿಯೊಬ್ಬರ ದಿನ ಹಿರಿಯರು ಬೇರೆ ನ್ಯಾಯಾಲಯದಲ್ಲಿದ್ದು ಕಿರಿಯ ವಕೀಲರು ಸವಾಲು ಮಾಡಿದರು. ಅವರು ಕಾಗದ ನೋಡಿ ಓದಿದ ಪ್ರಶ್ನೆಗಳಲ್ಲಿ ಒಂದಂತೂ ನಮಗೇ ತಿರುಗುಬಾಣವಾಗುವಂತಿತ್ತು.

ಶುಲ್ಕದ ವಿಷಯ. ಒಟ್ಟು 35,000 ರೂಪಾಯಿ, ಮೂರು ಕಂತು. ಮೊದಲ ದಿನ, ಚಾರ್ಜ್‌ಶೀಟ್ ಬಂದಾಗ, ಸಾಕ್ಷ್ಯ ಮುಗಿದಾಗ. ಟೈಪಿಂಗ್, ನಕಲು ಅರ್ಜಿ, ಕಾರು ಬಿಡಿಸುವ ಅರ್ಜಿ ಇವುಗಳ ಖರ್ಚು ಪ್ರತ್ಯೇಕ ಎಂಬುದನ್ನು ಮೊದಲೇ ಬರೆದು ಕೊಟ್ಟಿದ್ದರೆ ಚೆನ್ನಾಗಿತ್ತು. ಪ್ರತಿ ಸಾರಿಯೂ ಇನ್ನೂರು ಮುನ್ನೂರು ಕೊಡುತ್ತಾ ಹೋದದ್ದು ಕೊನೆಗೆ ನಾಲ್ಕು ಸಾವಿರ ದಾಟಿತ್ತು. ರಸೀದಿ ಕೇಳಿದ ಮೇಲೆ ಕೊಟ್ಟರು, ಕೇಳದೆ ಕೊಡಲಿಲ್ಲ. ಗೆದ್ದರೆ ಇಷ್ಟು, ಸೋತರೆ ಇಷ್ಟು ಎಂಬ ಲೆಕ್ಕ ಅವರಲ್ಲಿ ಇರಲಿಲ್ಲ. ಫಲಿತಾಂಶಕ್ಕೆ ಶುಲ್ಕವನ್ನು ಕಟ್ಟಿಹಾಕುವುದು ವಕೀಲರ ನಿಯಮಕ್ಕೇ ವಿರುದ್ಧ. ಹಾಗೆ ಮಾತಾಡುವವರು ಸಿಕ್ಕರೆ ಎದ್ದು ಬರುವುದು ಲೇಸು. ಇಷ್ಟು ಹಣ ಕೊಡಲಾಗದವರು ಮೊದಲು ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಕರೆ ಮಾಡಬಹುದು, ಅಥವಾ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಬಹುದು. ಮಹಿಳೆಯರಿಗೆ, ಪರಿಶಿಷ್ಟರಿಗೆ, ಕಡಿಮೆ ಆದಾಯದವರಿಗೆ ಅಲ್ಲಿ ಉಚಿತವಾಗಿ ವಕೀಲರನ್ನು ಕೊಡುತ್ತಾರೆ.

ಒಂದು ವಿಷಯದಲ್ಲಿ ನನಗೂ ಅವರಿಗೂ ಹೊಂದಲಿಲ್ಲ. ಹುಡುಗ ಚಿಗಟೇರಿ ಆಸ್ಪತ್ರೆಯಲ್ಲಿದ್ದಾಗ ಹೋಗಿ ಖರ್ಚಿಗೆ ಸ್ವಲ್ಪ ಹಣ ಕೊಡಬೇಕೆಂದಿದ್ದೆ. ನೋಡಿಕೊಂಡು ಬನ್ನಿ, ಆದರೆ ಹಣ ಕೊಡಬೇಡಿ, ಬಿಳಿ ಹಾಳೆಯ ಮೇಲೆ ಯಾರ ಸಹಿಯನ್ನೂ ಪಡೆಯಬೇಡಿ, ಅದು ಸಾಕ್ಷಿಯನ್ನು ಕೊಂಡಂತೆ ಕಾಣುತ್ತದೆ ಎಂದರು. ವಕೀಲರಾಗಿ ಅವರ ಮಾತು ಸರಿಯಿರಬಹುದು. ಹಣ್ಣಿನ ಚೀಲ ಮಾತ್ರ ಹಿಡಿದು ಹೋದ ನನ್ನನ್ನು ಅವನ ತಾಯಿ ನೋಡಿದ ನೋಟಕ್ಕೆ ಆ ಮಾತಿನಲ್ಲಿ ಉತ್ತರವಿರಲಿಲ್ಲ.

ಪರಿಹಾರದ ದಾವೆ ಇನ್ನೂ ನಡೆಯುತ್ತಿದೆ. ಕ್ರಿಮಿನಲ್ ಪ್ರಕರಣದಲ್ಲಿ ಖುಲಾಸೆಯಾದರೂ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ ಅದಕ್ಕೆ ಕಟ್ಟುಬಿದ್ದಿಲ್ಲ. ಅಲ್ಲಿ ಸಂಶಯಾತೀತ ರುಜುವಾತು ಬೇಕಿಲ್ಲ, ಯಾವುದು ಹೆಚ್ಚು ಸಂಭವನೀಯ ಎಂಬುದನ್ನು ನೋಡಿದರೆ ಸಾಕು. ನಾನು ಒಂದನೇ ಎದುರುದಾರ, ವಿಮಾ ಕಂಪನಿ ಎರಡನೆಯದು. ಕಂಪನಿಯ ವಕೀಲರಿದ್ದಾರಲ್ಲ ಎಂದು ಮನೆಯಲ್ಲೇ ಕೂತುಬಿಡಬೇಡಿ, ಹಾಜರಾಗಿ, ಲೈಸೆನ್ಸ್ ಮತ್ತು ಪಾಲಿಸಿ ಎರಡೂ ಚಾಲ್ತಿಯಲ್ಲಿದ್ದವೆಂದು ತೋರಿಸಿ, ಹುಡುಗನಿಗೆ ಬರಬೇಕಾದ್ದು ಕಂಪನಿಯಿಂದ ಬರಲಿ ಎಂದರು. ಅದಕ್ಕೆ ವಕಾಲತ್ತಿನ ಸ್ಟಾಂಪಿನ ಖರ್ಚು ಬಿಟ್ಟು ಏನನ್ನೂ ತೆಗೆದುಕೊಳ್ಳಲಿಲ್ಲ. ಮುಂದಿನ ವಾಯಿದೆ ಈ ತಿಂಗಳ ಕೊನೆಗೆ. ಹಿಂಬಾಗಿಲಿಗೆ ಬಣ್ಣ ಹಾಕಿಸಬಹುದೇ ಎಂದು ಕೇಳಿದ್ದಕ್ಕೆ, ಅದು ಮುಗಿಯಲಿ ಮೇಷ್ಟ್ರೇ ಎಂದಿದ್ದಾರೆ.